ಥಿಯರಿ ಪೇಪರ್‌ಗೆ ಮಲಹರಿ ಸಾಕು: ಸಂಗೀತ ಪ್ರಶ್ನೋತ್ತರ

ಪ್ರಶ್ನೆ: ನನಗೆ 46 ವರ್ಷ. ಬ್ಯಾಂಕ್ ಕೆಲಸದ ಜೊತೆಗೆ ಕರ್ನಾಟಕ ಸಂಗೀತ ಕಲಿಯುತ್ತಿದ್ದೇನೆ. ಈ ಸಲ ಸೀನಿಯರ್ ಪರೀಕ್ಷೆಗೆ ಕಟ್ಟಿದ್ದೇನೆ. ಹಾಡುವುದಕ್ಕೆ ಭಯ ಇಲ್ಲ. ಆದರೆ ಥಿಯರಿ ಪುಸ್ತಕ ಹಿಡಿದರೆ ನಿದ್ದೆ ಬರುತ್ತದೆ. ವರ್ಜ್ಯ, ಔಡವ, ಭಾಷಾಂಗ, 72 ಮೇಳ... ರಾತ್ರಿ ಓದಿದ್ದು ಬೆಳಿಗ್ಗೆ ಇರುವುದಿಲ್ಲ. ಏನು ಮಾಡಲಿ?
– ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಮೊದಲು ಆ ಪುಸ್ತಕ ಮುಚ್ಚಿಡಿ. ನೀವು ಕಲಿತ ಮೊಟ್ಟಮೊದಲ ಪಿಳ್ಳಾರಿ ಗೀತೆ ನೆನಪಿದೆ ಅಲ್ವಾ? ಮಲಹರಿ ರಾಗದ್ದು. ಅದನ್ನು ನಿಧಾನಕ್ಕೆ ಸ್ವರ ಹಾಕಿ ಹಾಡಿ. ಎಲ್ಲಾದರೂ ‘ನಿ’ ಬಂತಾ? ಬರುವುದಿಲ್ಲ. ಹಾಗೆ ರಾಗ ಬಿಟ್ಟ ಸ್ವರವೇ ವರ್ಜ್ಯ. ಹತ್ತುವಾಗ ಸ ರಿ ಮ ಪ ದ ಸ. ‘ಗ’ ಕೂಡ ಇಲ್ಲ, ಐದೇ ಸ್ವರ. ಅದು ಔಡವ. ಇಳಿಯುವಾಗ ಸ ದ ಪ ಮ ಗ ರಿ ಸ. ಆರಾಯಿತು, ಷಾಡವ. ಇರುವ ಸ್ವರಗಳೆಲ್ಲ ಮಾಯಾಮಾಳವಗೌಳ ಎಂಬ ಮೇಳದವು (ಏಳೂ ಸ್ವರ ಇರುವ ತಾಯಿ ರಾಗವೇ ಮೇಳ), ಹಾಗಾಗಿ ಮಲಹರಿ ಅದರ ಜನ್ಯ, ಅಂದರೆ ಅದರಿಂದ ಹುಟ್ಟಿದ ರಾಗ. ಇನ್ನು ತಾಳ ರೂಪಕ. ಅದರ ಎರಡು ಅಂಗಗಳಲ್ಲಿ ದ್ರುತಕ್ಕೆ ಎರಡು ಅಕ್ಷರ (ಎಣಿಕೆ), ಲಘುವಿಗೆ ನಾಲ್ಕು, ಒಟ್ಟು ಆರು. ಬಾಲ್ಯದ ಒಂದು ಗೀತೆಯಲ್ಲಿ ಎಷ್ಟು ಪದ ಸಿಕ್ಕಿತು ನೋಡಿ. ನನ್ನ ಹತ್ತಿರ ಬರುವವರಿಗೆ ಥಿಯರಿ ಪಾಠ ಶುರುವಾಗುವುದೇ ಹೀಗೆ.

72 ಮೇಳಕ್ಕೆ ಹಾರ್ಮೋನಿಯಂ ಬೇಕು, ಮನೆಯಲ್ಲಿ ಮಕ್ಕಳ ಕೀಬೋರ್ಡ್ ಇದ್ದರೂ ಆದೀತು. ‘ಸ’ಕ್ಕೂ ಶುದ್ಧ ‘ಮ’ಕ್ಕೂ ನಡುವೆ ನಾಲ್ಕು ಕೀ ಇವೆ. ಅದರಲ್ಲಿ ಯಾವುದಾದರೂ ಎರಡು ಆರಿಸಿ. ಕೆಳಗಿನದು ರಿ, ಮೇಲಿನದು ಗ. ಎಷ್ಟು ಜೋಡಿ ಆಗುತ್ತದೆ? ಆರು. ‘ಪ’ದಿಂದ ಮೇಲಿನ ‘ಸ’ದವರೆಗೂ ಇದೇ ಲೆಕ್ಕ, ದ-ನಿ ಆರು ಜೋಡಿ. ಆರಾರಲೆ ಮೂವತ್ತಾರು. ಶುದ್ಧ ಮಧ್ಯಮಕ್ಕೆ (ಶುದ್ಧ ‘ಮ’) 36, ಅದರ ಮೇಲಿನ ಕೀ ಆದ ‘ಪ್ರತಿ ಮಧ್ಯಮ’ಕ್ಕೆ ಮತ್ತೆ 36. ಒಂದೊಂದು ರಿ-ಗ ಜೋಡಿಗೆ ಆರು ಮೇಳದ ಒಂದೊಂದು ಗುಂಪು, ಅದೇ ಚಕ್ರ. ಮಾಯಾಮಾಳವಗೌಳದ ರಿ-ಗ ಮೂರನೇ ಜೋಡಿ, ಅಂದರೆ 13ರಿಂದ 18ರವರೆಗಿನ ಅಗ್ನಿ ಚಕ್ರ. ದ-ನಿ ಕೂಡ ಮೂರನೆಯದು. ಹಾಗಾಗಿ 15.

ಸರಿಯಾ ಅಂತ ನೋಡಲು ಕಟಪಯಾದಿ ಇದೆ, ಮೇಳದ ಹೆಸರಿನ ಮೊದಲೆರಡು ಅಕ್ಷರಗಳನ್ನು ಅಂಕಿ ಮಾಡುವ ಲೆಕ್ಕ. ಪ ಫ ಬ ಭ ಮ ಎಂದು ಎಣಿಸಿದರೆ ‘ಮಾ’ 5, ಯಕಾರದಿಂದ ಎಣಿಸಿದರೆ ‘ಯಾ’ 1. ತಿರುಗಿಸಿ ಬರೆದರೆ 15. ಈ ಲೆಕ್ಕ ಕೂಡಿಬರಲೆಂದೇ ಕಲ್ಯಾಣಿಗೆ ‘ಮೇಚ’, ಶಂಕರಾಭರಣಕ್ಕೆ ‘ಧೀರ’ ಸೇರಿಕೊಂಡಿವೆ. ಇನ್ನೊಂದು ಮಾತು, 20ನೇ ಮೇಳದ ಹೆಸರು ನಠಭೈರವಿ, ಠಕಾರ. ಸುಮ್ನೆ ‘ನಟ’ ಅಂತ ಬರೆದರೆ ಲೆಕ್ಕ 10ಕ್ಕೆ ಹೋಗುತ್ತದೆ. ಅಲ್ಲಿ ನಾಟಕಪ್ರಿಯ ಆಗಲೇ ಕೂತಿದೆ!

ಭಾಷಾಂಗಕ್ಕೂ ಈ ನಠಭೈರವಿಯಿಂದಲೇ ಹೋಗಿ. ಅದರ ಜನ್ಯ ಭೈರವಿ ಇಳಿಯುವಾಗ ಮೇಳದ ಶುದ್ಧ ಧೈವತವನ್ನೇ (‘ದ’) ಹಿಡಿಯುತ್ತದೆ, ಹತ್ತುವಾಗ ಮಾತ್ರ ಒಂದು ಕೀ ಮೇಲಿನ, ಹೊರಗಿನ ಚತುಶ್ರುತಿ ಧೈವತವನ್ನು ಕರೆದುಕೊಂಡು ಬರುತ್ತದೆ. ಮೇಳದಲ್ಲಿಲ್ಲದ ಸ್ವರ ಹೀಗೆ ಬಂದರೆ ರಾಗ ಭಾಷಾಂಗ. ವಾಗ್ಗೇಯಕಾರ ಶ್ಯಾಮಾಶಾಸ್ತ್ರಿಗಳ ಭೈರವಿ ಸ್ವರಜತಿ ಕೇಳಿ, ಎರಡೂ ಧೈವತ ಕಿವಿಗೆ ಬೀಳುತ್ತವೆ. ಅದರ ಚರಣಗಳು ಸ, ರಿ, ಗ ಎಂದು ಒಂದೊಂದು ಸ್ವರ ಮೇಲಕ್ಕೆ ಹತ್ತಿ ಶುರುವಾಗುತ್ತವೆ. ಕುಣಿತಕ್ಕಿದ್ದ ಸ್ವರಜತಿಯಿಂದ ಜತಿಗಳನ್ನು (ತಾಳದ ಸೊಲ್ಲುಗಳನ್ನು) ಬಿಟ್ಟು ಕಛೇರಿಗೆ ತಂದವರು ಅವರು. ‘ಸ್ವರಜತಿಯ ಲಕ್ಷಣ’ ಎಂಬ ಪ್ರಶ್ನೆಗೂ ಇದೇ ಉತ್ತರ.

ಚರಿತ್ರೆಯನ್ನೂ ಹೀಗೇ ಸರಪಳಿಯಾಗಿ ಹಿಡಿಯಿರಿ. 1550ರಲ್ಲಿ ವಿಜಯನಗರದ ರಾಮಾಮಾತ್ಯ ‘ಸ್ವರಮೇಳಕಲಾನಿಧಿ’ಯಲ್ಲಿ 20 ಮೇಳ ಹೇಳಿದ. ಮುಂದಿನ ಶತಮಾನದಲ್ಲಿ ತಂಜಾವೂರಿನ ವೆಂಕಟಮಖಿ ‘ಚತುರ್ದಂಡಿ ಪ್ರಕಾಶಿಕೆ’ಯಲ್ಲಿ 72ರ ಲೆಕ್ಕ ಹಾಕಿದ. ಬಳಕೆಯಲ್ಲಿವೆ ಎಂದು ಅವನು ಹೇಳಿದ್ದು ಮಾತ್ರ 19. ಗೈಡ್‌ಗಳಲ್ಲಿ ‘ವೆಂಕಟಮಖಿ 72 ರಾಗ ಸೃಷ್ಟಿಸಿದ’ ಅಂತ ಇರುತ್ತದೆ. ಹಾಗೆ ಬರೆಯಬೇಡಿ. ಅವನು ಹಾಕಿಟ್ಟದ್ದು ಚೌಕಟ್ಟು. ಅದರಲ್ಲಿ ಆಮೇಲಿನವರು ಹಾಡು ತುಂಬಿದರು.

ಪ್ರಶ್ನೆ: ಮಗ ಶಾಲೆಯಲ್ಲಿ ಹಿಂದೂಸ್ತಾನಿ ಕಲಿಯುತ್ತಾನೆ, ನಾನು ಕರ್ನಾಟಕ ಸಂಗೀತ ಕಲಿತವಳು. ಅವನ ಭೈರವಿ, ತೋಡಿ ನನಗೆ ಬೇರೆಯಾಗಿಯೇ ಕೇಳಿಸುತ್ತವೆ. ಇಬ್ಬರಲ್ಲಿ ಯಾರು ಸರಿ?
– ಓದುಗರೊಬ್ಬರು, ಧಾರವಾಡ

ಉತ್ತರ: ಇಬ್ಬರೂ ಸರಿ. ಹೆಸರು ಒಂದು, ಸ್ವರ ಬೇರೆ. ಥಾಟ್ ಅಂದರೆ ಹಿಂದೂಸ್ತಾನಿಯಲ್ಲಿ ನಿಮ್ಮ ಮೇಳದಂಥದ್ದು. ಅವನ ಭೈರವಿ ಥಾಟ್‌ನ ಸ್ವರಗಳು ನಿಮ್ಮ ಹನುಮತೋಡಿ, 8ನೇ ಮೇಳ. ಅವನ ತೋಡಿ ನಿಮ್ಮ ಶುಭಪಂತುವರಾಳಿ, 45. ಅವನ ಭೈರವ್ ಥಾಟ್ ಮಾತ್ರ ನಿಮ್ಮ ಸರಳೆ ವರಸೆಯ ಮಾಯಾಮಾಳವಗೌಳವೇ. ಹಿಂದೂಸ್ತಾನಿ ಸಂಗೀತಶಾಸ್ತ್ರಜ್ಞ ಭಾತಖಂಡೆಯವರು ಹತ್ತು ಥಾಟ್ ಮಾಡಿದ್ದರಿಂದ ಅವನಿಗೆ ಬಾಯಿಪಾಠ ಕಡಿಮೆ. ನಿಮ್ಮ ನಂಬರ್ ಅವನಿಗೆ, ಅವನ ಥಾಟ್ ನಿಮಗೆ ಹೇಳಿಕೊಂಡು ಒಟ್ಟಿಗೆ ಹಾಡಿ ನೋಡಿ. ಒಂದು ಎಚ್ಚರ: ಸ್ವರ ಒಂದೇ ಆದ ಮಾತ್ರಕ್ಕೆ ರಾಗ ಒಂದೇ ಆಗುವುದಿಲ್ಲ. ಅವನ ಯಮನ್ ಕೇಳಿ ನಿಮ್ಮ ಕಲ್ಯಾಣಿ ತಿದ್ದಲು ಹೋಗಬೇಡಿ.

ಪ್ರಶ್ನೆ: ‘ಸುಳಾದಿ ಸಪ್ತತಾಳ’ ಅಂತೀವಿ. ಈ ಸುಳಾದಿ ಅಂದರೆ ಏನು? ಕಛೇರಿಯಲ್ಲಿ ಯಾರೂ ಹಾಡುವುದು ಕೇಳಿಲ್ಲ.
– ಓದುಗರೊಬ್ಬರು, ಮಂಗಳೂರು

ಉತ್ತರ: ಸುಳಾದಿ ನಮ್ಮ ಹರಿದಾಸರು ಬೆಳೆಸಿದ ರಚನೆ. ಶ್ರೀಪಾದರಾಯರು, ವ್ಯಾಸರಾಯರು, ಪುರಂದರದಾಸರು ಎಲ್ಲರೂ ಬರೆದಿದ್ದಾರೆ. ಒಂದೇ ಹಾಡಿನಲ್ಲಿ ಒಂದೊಂದು ಭಾಗಕ್ಕೆ ಒಂದೊಂದು ತಾಳ, ಕೊನೆಗೆ ಎರಡು ಸಾಲಿನ ‘ಜತೆ’. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂದು ಅಲಂಕಾರದಲ್ಲಿ ನೀವು ಹಾಕುವ ತಾಳಗಳು ಇವೇ. ಲಘುವಿನ ಅಳತೆ ಬದಲಾಗುವ ಐದು ಜಾತಿಯಿಂದ ಗುಣಿಸಿದರೆ 35.

ಈಗಿನ ಕಛೇರಿಯಲ್ಲಿ ಅಪರೂಪ, ನಿಜ. ಭಾಗ ಮುಗಿಯುತ್ತಿದ್ದಂತೆ ತಾಳ ಬದಲಾಗುತ್ತದೆ, ಪಕ್ಕವಾದ್ಯದವರಿಗೆ ಮೊದಲೇ ಹೇಳಿ ಅಭ್ಯಾಸ ಮಾಡಿಸಬೇಕು. ಅಷ್ಟು ಪುರುಸೊತ್ತು ಯಾರಿಗಿದೆ? ನಿಮ್ಮ ಊರ ಹತ್ತಿರ ಉಡುಪಿ ಇದೆ. ದಾಸಸಾಹಿತ್ಯ ಬಲ್ಲ ಹಿರಿಯರು ಅಲ್ಲಿ ಯಾರಾದರೂ ಸಿಕ್ಕರೆ ಒಂದು ಸುಳಾದಿ ಹೇಳಿಸಿಕೊಳ್ಳಿ. ಕೈಯಲ್ಲಿ ತಾಳ ಹಾಕುತ್ತಾ ಕೇಳಿ.