ಬ್ರಿಟಿಷರ ಮನಸ್ಸು ಬದಲಾಯಿತೇ, ಪ್ರಶ್ನೆ ಬದಲಾಯಿತೇ?

ಬ್ರೆಕ್ಸಿಟ್, ಅಂದರೆ 2016ರ ಜನಮತಗಣನೆಯಲ್ಲಿ ಬ್ರಿಟನ್ ಐರೋಪ್ಯ ಒಕ್ಕೂಟ ಬಿಡಲು ತೀರ್ಮಾನಿಸಿದ ವಿಷಯ, ಇನ್ನು ಸಾಕು ಅಂದುಕೊಂಡಿದ್ದೆ. ಓದುಗರು ಬಿಡುತ್ತಿಲ್ಲ. ಪತ್ರ ಹೊಸದು, ಪ್ರಶ್ನೆ ಮಾತ್ರ ಹಳೆಯದೇ. ಐರೋಪ್ಯ ಒಕ್ಕೂಟ ಎಂದರೇನು, ಬ್ರಸೆಲ್ಸ್‌ನಲ್ಲಿ ಯಾರು ಕೂತಿರುತ್ತಾರೆ ಎಂಬುದನ್ನೆಲ್ಲ ಇಲ್ಲಿ ವಿವರಿಸುವುದಿಲ್ಲ. ಜನಾಭಿಪ್ರಾಯದ ಬಗ್ಗೆ ಕೇಳಿದ್ದೀರಿ, ಅದಕ್ಕಷ್ಟೇ ಉತ್ತರ.

ಪ್ರಶ್ನೆ: ಮತದಾನ ಮುಗಿದ ಮೇಲೆ ಬ್ರಿಟಿಷರು ‘ಐರೋಪ್ಯ ಒಕ್ಕೂಟ ಅಂದರೇನು’ ಎಂದು ಗೂಗಲ್‌ನಲ್ಲಿ ಹುಡುಕಿದರಂತೆ. ಅಷ್ಟೂ ತಿಳಿಯದೆ ಮತ ಹಾಕಿದರೇ? (ಓದುಗರೊಬ್ಬರು, ಶಿವಮೊಗ್ಗ)

ಆ ಸುದ್ದಿ ಹುಟ್ಟಿದ್ದು ಗೂಗಲ್ ಟ್ರೆಂಡ್ಸ್‌ನಿಂದ. ಅದು ತೋರಿಸುವುದು ಹುಡುಕಾಟದ ಏರಿಳಿತವನ್ನು, ತಲೆ ಎಣಿಕೆಯನ್ನಲ್ಲ. ಹುಡುಕಿದವರು ಮತ ಹಾಕಿದವರೋ, ಹಾಕದವರೋ, ಶಾಲೆಯ ಹೋಮ್‌ವರ್ಕ್ ಮಾಡುತ್ತಿದ್ದ ಮಕ್ಕಳೋ ಅದು ಹೇಳುವುದಿಲ್ಲ. ಈ ಸಂದೇಶ ಮತ್ತೆ ನಿಮ್ಮ ವಾಟ್ಸ್‌ಆ್ಯಪ್‌ಗೆ ಬಂದರೆ ಅಳಿಸಿಹಾಕಿ. ನನಗೆ ಕಳಿಸಬೇಡಿ.

ಪ್ರಶ್ನೆ: 1975ರಲ್ಲಿ ಶೇ 67ರಷ್ಟು ಬ್ರಿಟಿಷರು ಯುರೋಪಿನ ಜೊತೆ ಉಳಿಯೋಣ ಎಂದರು. 2016ರಲ್ಲಿ ಶೇ 52ರಷ್ಟು ಜನ ಹೊರಬರೋಣ ಎಂದರು. ಅದೇ ಜನ ಹೀಗೆ ತಿರುಗಿಬಿದ್ದದ್ದು ಹೇಗೆ? ವಲಸಿಗರೇ ಕಾರಣವೇ, ಪತ್ರಿಕೆಗಳ ಸುಳ್ಳೇ? (ನಿವೃತ್ತ ಉಪನ್ಯಾಸಕರು, ಧಾರವಾಡ)

ಸರ್, ಮೊದಲಿಗೆ ‘ಅದೇ ಜನ’ ಎಂಬುದನ್ನು ಬಿಡಿ. 1975ರ ಜೂನ್ 5ರಂದು ಮತ ಹಾಕಿದವರಲ್ಲಿ ಅತಿ ಕಿರಿಯರಿಗೂ 2016ರ ಹೊತ್ತಿಗೆ 59 ತುಂಬಿತ್ತು. ಉಳಿದವರಲ್ಲಿ ಎಷ್ಟೋ ಮಂದಿ ತೀರಿಕೊಂಡಿದ್ದರು. ಜನ ಮಾತ್ರವಲ್ಲ, ಪಾಳೆಯಗಳೂ ಅದಲುಬದಲಾಗಿದ್ದವು. 1975ರಲ್ಲಿ ಯುರೋಪಿನ ಪರ ಹುರುಪಿನಿಂದ ಓಡಾಡಿದವರಲ್ಲಿ ಬಲಪಂಥೀಯ ಕನ್ಸರ್ವೇಟಿವ್ ಪಕ್ಷದ ನಾಯಕಿ ಮಾರ್ಗರೆಟ್ ಥ್ಯಾಚರ್ ಇದ್ದರು. ಸದಸ್ಯ ದೇಶಗಳ ಬಾವುಟಗಳಿದ್ದ ಉಣ್ಣೆಯ ಅಂಗಿ ತೊಟ್ಟು ಫೋಟೊಕ್ಕೆ ನಿಂತಿದ್ದರು. ಎದುರಿಗಿದ್ದವರು ಟೋನಿ ಬೆನ್ ಅವರಂಥ ಎಡಪಂಥೀಯರು. ಲೇಬರ್ ಪಕ್ಷವಂತೂ 1983ರ ಪ್ರಣಾಳಿಕೆಯಲ್ಲಿ ಹೊರಬರುವ ಭರವಸೆಯನ್ನೇ ಕೊಟ್ಟಿತ್ತು. ಇಂಗ್ಲೆಂಡಿನಲ್ಲಿ ಶೇ 68.7 ಒಪ್ಪಿಗೆ ಸಿಕ್ಕಾಗ ಸ್ಕಾಟ್ಲೆಂಡಿನಲ್ಲಿ ಸಿಕ್ಕಿದ್ದು ಶೇ 58.4. 2016ಕ್ಕೆ ಬನ್ನಿ: ಸ್ಕಾಟ್ಲೆಂಡ್ ಶೇ 62 ಉಳಿಯೋಣ, ಇಂಗ್ಲೆಂಡ್ ಶೇ 53.4 ಹೊರಬರೋಣ.

ಇನ್ನು ಆ ಶೇ 67. ಅದನ್ನು ಯುರೋಪಿನ ಮೇಲಿನ ಪ್ರೀತಿ ಎಂದು ಓದಿದಲ್ಲೇ ಎಲ್ಲರೂ ಎಡವುವುದು. ಆಗಿನ ಐರೋಪ್ಯ ಸಮುದಾಯಕ್ಕೆ ಬ್ರಿಟನ್ ಸೇರಿದ್ದು 1973ರ ಜನವರಿ 1ರಂದು, ಅದೂ ಫ್ರಾನ್ಸಿನ ಅಧ್ಯಕ್ಷ ದ ಗಾಲ್ 1963 ಮತ್ತು 1967ರಲ್ಲಿ ಎರಡು ಸಲ ಬಾಗಿಲು ಹಾಕಿದ ಮೇಲೆ. ಮುಂದಿನ ಎರಡು ವರ್ಷ ಸಮೀಕ್ಷೆಗಳಲ್ಲಿ ಅಸಮಾಧಾನವೇ ಹೆಚ್ಚಾಗಿ ಕಾಣುತ್ತಿತ್ತು. 1975ರ ಆರಂಭದಲ್ಲಿ ನೇರವಾಗಿ ಕೇಳಿದರೆ ಹೊರಬರಬೇಕು ಎನ್ನುವವರೇ ಮುಂದಿದ್ದರು. ಆದರೆ ‘ಸರ್ಕಾರ ಷರತ್ತುಗಳನ್ನು ಮತ್ತೆ ಚೌಕಾಸಿ ಮಾಡಿ, ಉಳಿಯುವುದೇ ಒಳ್ಳೆಯದು ಎಂದರೆ?’ ಎಂದು ಕೇಳಿದರೆ ದೊಡ್ಡ ಬಹುಮತ ಉಳಿಯೋಣ ಎನ್ನುತ್ತಿತ್ತು. ಪ್ರಧಾನಿ ಹೆರಾಲ್ಡ್ ವಿಲ್ಸನ್ ಜಾಣ. ಚೌಕಾಸಿ ಮಾಡಿದಂತೆ ಮಾಡಿದರು, ದಕ್ಕಿದ್ದು ಅಷ್ಟಕ್ಕಷ್ಟೇ, ಆಮೇಲೆ ಸರ್ಕಾರದ ಶಿಫಾರಸಿನೊಂದಿಗೇ ಜನರ ಮುಂದೆ ಹೋದರು. ಬೆಲೆಯೇರಿಕೆ ಶೇ 24ರ ಆಸುಪಾಸಿನಲ್ಲಿದ್ದ ವರ್ಷ ಅದು. ಕಮ್ಯುನಿಸ್ಟರ ಮಾರ್ನಿಂಗ್ ಸ್ಟಾರ್ ಬಿಟ್ಟರೆ ರಾಷ್ಟ್ರೀಯ ದಿನಪತ್ರಿಕೆಗಳೆಲ್ಲ ಉಳಿಯುವ ಪರ. ಜನ ಹೆದರಿದ್ದರು, ದೊಡ್ಡವರು ಹೇಳಿದ್ದನ್ನು ಕೇಳಿದರು. ಐದೇ ವರ್ಷ ಕಳೆದು 1980ರಲ್ಲಿ ಮೋರಿ (MORI) ಎಂಬ ಸಮೀಕ್ಷಾ ಸಂಸ್ಥೆ ಕೇಳಿದಾಗ ಮೂರರಲ್ಲಿ ಇಬ್ಬರು ಹೊರಗೆ ಹೋಗೋಣ ಎಂದರು! ತಿರುಗಿಬೀಳುವುದು ಎಂದರೆ ಅದು. ಆಗ ಪೋಲೆಂಡಿನಿಂದ ವಲಸೆ ಬಂದ ಪ್ಲಂಬರೂ ಇರಲಿಲ್ಲ, 2016ರ ಪ್ರಚಾರದಲ್ಲಿ ಓಡಾಡಿದ, ಸುಳ್ಳು ಬರೆದ ಕೆಂಪು ಬಸ್ಸೂ ಇರಲಿಲ್ಲ. ಮತ್ತೆ ಹತ್ತು ವರ್ಷಕ್ಕೆ ಗಾಳಿ ಉಳಿಯುವ ಕಡೆಗೆ ಬೀಸಿತ್ತು. 1992ರಲ್ಲಿ ಒಕ್ಕೂಟವನ್ನು ಇನ್ನಷ್ಟು ಬಿಗಿಗೊಳಿಸಿದ ಮಾಸ್ಟ್ರಿಕ್ಟ್ ಒಪ್ಪಂದ, ಅದೇ ಸೆಪ್ಟೆಂಬರಿನಲ್ಲಿ ಪೌಂಡು ಕುಸಿದ ಕಪ್ಪು ಬುಧವಾರ, ಮತ್ತೆ ಇಳಿಮುಖ. ಎರಡೇ ಬಿಂದುಗಳ ನಡುವೆ ಗೆರೆ ಎಳೆದು ‘41 ವರ್ಷದಲ್ಲಿ ಮನಸ್ಸು ಬದಲಾಯಿತು’ ಎನ್ನುವ ಟಿವಿ ಪಂಡಿತರು ಈ ನಡುವಿನ ಏರಿಳಿತವನ್ನು ನೋಡಿಯೇ ಇಲ್ಲ.

ಹಾಗಾದರೆ ಬದಲಾಗದೆ ಉಳಿದದ್ದು ಏನು? ಬ್ರಿಟಿಷ್ ಸೋಷಿಯಲ್ ಆಟಿಟ್ಯೂಡ್ಸ್ ಎಂಬ ಸಮೀಕ್ಷೆ 90ರ ದಶಕದಿಂದ ಒಂದು ಪ್ರಶ್ನೆ ಕೇಳುತ್ತ ಬಂದಿದೆ. ಅದಕ್ಕೆ ಐದು ಉತ್ತರಗಳು: ಹೊರಬರಬೇಕು, ಉಳಿದು ಒಕ್ಕೂಟದ ಅಧಿಕಾರ ಕಡಿಮೆ ಮಾಡಿಸಬೇಕು, ಇದ್ದಂತೆ ಇರಲಿ, ಅಧಿಕಾರ ಹೆಚ್ಚಲಿ, ಇಡೀ ಯುರೋಪಿಗೆ ಒಂದೇ ಸರ್ಕಾರ ಬರಲಿ. 2015ರಲ್ಲಿ, ಅಂದರೆ ಬ್ರೆಕ್ಸಿಟ್ ಮತದಾನದ ಹಿಂದಿನ ವರ್ಷ, ಹೊರಬರಬೇಕು ಎಂದವರು ಶೇ 22 ಮಾತ್ರ. ಉಳಿದು ಅಧಿಕಾರ ಕಡಿಮೆ ಮಾಡಿಸೋಣ ಎಂದವರು ಶೇ 43. ಮನೆ ಒಂದೇ ಇರಲಿ, ಒಲೆ ಬೇರೆ ಇರಲಿ ಎನ್ನುವ ಅಣ್ಣತಮ್ಮಂದಿರು ನಮ್ಮಲ್ಲಿ ಇಲ್ಲವೇ, ಹಾಗೆ. ಬ್ರಿಟನ್ನಿನ ಅತಿ ದೊಡ್ಡ ಗುಂಪು ಇದೇ. ಇವರು ಯುರೋಪನ್ನು ಪ್ರೀತಿಸಿದವರೂ ಅಲ್ಲ, ದ್ವೇಷಿಸಿದವರೂ ಅಲ್ಲ.

2016ರ ಮತಪತ್ರದಲ್ಲಿ ಇವರಿಗೆ ಜಾಗವಿರಲಿಲ್ಲ. ಇದ್ದದ್ದು ಎರಡು ಚೌಕ. ಆಗಿನ ಪ್ರಧಾನಿ ಡೇವಿಡ್ ಕ್ಯಾಮರಾನ್ ಆ ವರ್ಷದ ಫೆಬ್ರುವರಿಯಲ್ಲಿ ಬ್ರಸೆಲ್ಸ್‌ನಿಂದ ತಂದ ಒಪ್ಪಂದ ಈ ಶೇ 43ರವರಿಗಾಗಿಯೇ ಇತ್ತು: ಹೊಸ ವಲಸಿಗರ ಭತ್ಯೆಗೆ ಕಡಿವಾಣ, ‘ಇನ್ನಷ್ಟು ಹತ್ತಿರದ ಒಕ್ಕೂಟ’ದ ಗುರಿಯಿಂದ ಬ್ರಿಟನ್ನಿಗೆ ವಿನಾಯಿತಿ. ವಿಲ್ಸನ್ನರ ಹಳೆಯ ಆಟವನ್ನೇ ಇವರೂ ಆಡಿದರು. ಆದರೆ ಅದು ಸಾಲದು ಎಂದು ಪತ್ರಿಕೆಗಳು ಬೈದವು, ಅರ್ಧ ಪಕ್ಷ ಕೈಕೊಟ್ಟಿತು, ಕೊನೆಗೆ ಅವರದೇ ಪ್ರಚಾರದವರು ಆ ಒಪ್ಪಂದದ ಹೆಸರೆತ್ತುವುದನ್ನೇ ಬಿಟ್ಟರು. ‘ಉಳಿದರೆ ಏನು ಸಿಗುತ್ತದೆ’ ಎನ್ನುವ ಬದಲು ‘ಹೋದರೆ ಏನು ಕೆಡುತ್ತದೆ’ ಎಂದಷ್ಟೇ ಹೆದರಿಸಿದರು. ಒಲೆ ಬೇರೆ ಬೇಕು ಎಂದವರಲ್ಲಿ ದೊಡ್ಡದೊಂದು ಪಾಲು ಮನೆಯನ್ನೇ ಬಿಟ್ಟಿತು. ನನ್ನ ಮಟ್ಟಿಗೆ 2016ರ ಫಲಿತಾಂಶದ ಕೀಲಿ ಇರುವುದು ಇಲ್ಲಿ.

ವಲಸೆಯ ಪಾತ್ರ ಇಲ್ಲವೆನ್ನುತ್ತಿಲ್ಲ. 2004ರಲ್ಲಿ ಪೂರ್ವ ಯುರೋಪಿನ ದೇಶಗಳು ಸೇರಿದಾಗ ಬ್ರಿಟನ್, ಐರ್ಲೆಂಡ್, ಸ್ವೀಡನ್ ಮಾತ್ರ ತಕ್ಷಣ ಕೆಲಸದ ಬಾಗಿಲು ತೆರೆದವು. ವರ್ಷಕ್ಕೆ ಹೆಚ್ಚೆಂದರೆ 13,000 ಮಂದಿ ಬಂದು ನೆಲೆಸಬಹುದು ಎಂಬ ಅಂದಾಜನ್ನು ಸರ್ಕಾರ ನೆಚ್ಚಿಕೊಂಡಿತ್ತು. ಮೊದಲ ಎರಡು ವರ್ಷಗಳಲ್ಲೇ ಕೆಲಸಕ್ಕೆ ನೋಂದಾಯಿಸಿದವರು 4 ಲಕ್ಷ ದಾಟಿದರು. ಅದಕ್ಕೆ ಮುಂಚೆ ‘ವಲಸೆ’ ಒಂದು ಸಿಟ್ಟು, ‘ಯುರೋಪ್’ ಇನ್ನೊಂದು ಬೇಸರ. 2004ರ ನಂತರ ನಿಧಾನಕ್ಕೆ ಎರಡೂ ಒಂದಾದವು. ಅದಾದ ಮೇಲೂ ವರ್ಷಗಟ್ಟಲೆ, ದೇಶದ ಮುಖ್ಯ ಸಮಸ್ಯೆ ಯಾವುದೆಂದು ಕೇಳಿದರೆ ಐರೋಪ್ಯ ಒಕ್ಕೂಟ ಎನ್ನುವವರು ಹತ್ತರಲ್ಲಿ ಒಬ್ಬರೂ ಇರಲಿಲ್ಲ ಎಂಬುದು ನೆನಪಿರಲಿ.

ಇಲ್ಲೊಂದು ಎಚ್ಚರಿಕೆ. ಮತದಾನದ ದಿನ ಬ್ರಿಟಿಷ್ ಉದ್ಯಮಿ ಲಾರ್ಡ್ ಆ್ಯಶ್‌ಕ್ರಾಫ್ಟ್ ಮಾಡಿಸಿದ ಸಮೀಕ್ಷೆಯಲ್ಲಿ, ಹೊರಬರೋಣ ಎಂದವರ ಪೈಕಿ ಶೇ 49 ಮಂದಿ ‘ನಮ್ಮ ನಿರ್ಧಾರ ನಮ್ಮಲ್ಲೇ ಆಗಬೇಕು’ ಎಂಬುದನ್ನು ಮುಖ್ಯ ಕಾರಣವಾಗಿ ಆರಿಸಿದರು; ಶೇ 33 ಮಂದಿ ವಲಸೆ ಮತ್ತು ಗಡಿಯ ನಿಯಂತ್ರಣವನ್ನು. ಇದನ್ನು ಹಿಡಿದು ‘ನೋಡಿ, ವಲಸೆ ಕಾರಣವೇ ಅಲ್ಲ’ ಎಂದು ವಾದಿಸುವವರಿದ್ದಾರೆ. ಅಪರಿಚಿತರು ಕೇಳಿದಾಗ ಜನ ಮರ್ಯಾದಸ್ಥ ಕಾರಣವನ್ನೇ ಮುಂದಿಡುತ್ತಾರೆ. ‘ನಿರ್ಧಾರ ನಮ್ಮದಾಗಲಿ’ ಎಂದವರ ಮನಸ್ಸಿನಲ್ಲಿ ಯಾವ ನಿರ್ಧಾರವಿತ್ತು ಎಂಬುದನ್ನು ಆ ಅಂಕಿ ಹೇಳುವುದಿಲ್ಲ. ನಾನೂ ಹೇಳಲು ಹೋಗುವುದಿಲ್ಲ.

ಉಳಿಯುವ ಪರವಿದ್ದವರಲ್ಲಿ ಮತ್ತೊಂದು ತಂಡದವರಿದ್ದಾರೆ: ‘ಹೌದು–ಇಲ್ಲ ಎಂದಿದ್ದ ಮತಪತ್ರದ ಪ್ರಶ್ನೆಯನ್ನು ಚುನಾವಣಾ ಆಯೋಗ 2015ರಲ್ಲಿ ಉಳಿಯಬೇಕೇ–ಬಿಡಬೇಕೇ ಎಂದು ತಿದ್ದಿಸಿತು, ಅದಕ್ಕೇ ಸೋತೆವು’ ಎನ್ನುವವರು. ಸಮೀಕ್ಷೆಯಲ್ಲಿ ಪದ ಬದಲಾದರೆ ಉತ್ತರ ಬದಲಾಗುತ್ತದೆ, ನಿಜ. ಆದರೆ ತಿಂಗಳುಗಟ್ಟಲೆ ಕಚ್ಚಾಡಿ, ಯಾವ ಕಡೆ ಎಂದು ತೀರ್ಮಾನಿಸಿಕೊಂಡು ಮತಗಟ್ಟೆಗೆ ಬಂದವರು ಚೀಟಿಯ ಮೇಲಿನ ಕ್ರಿಯಾಪದ ನೋಡಿ ಮನಸ್ಸು ಬದಲಿಸುವುದಿಲ್ಲ.

ಪ್ರಶ್ನೆ: ಎಲ್ಲ ಸಮೀಕ್ಷೆಗಳೂ ತಪ್ಪಾಗಿದ್ದವು ತಾನೇ? (ಹಲವರು)

ಇಲ್ಲ. ಆನ್‌ಲೈನ್ ಸಮೀಕ್ಷೆಗಳು ವಾರಗಟ್ಟಲೆ ಸಮಬಲ ತೋರಿಸುತ್ತಿದ್ದವು. ಕೊನೆಯ ಸುತ್ತಿನಲ್ಲಿ ಟಿಎನ್‌ಎಸ್ ಮತ್ತು ಒಪಿನಿಯಮ್ ಸಂಸ್ಥೆಗಳು ಹೊರಬರುವವರನ್ನೇ ಕೂದಲೆಳೆಯಷ್ಟು ಮುಂದಿಟ್ಟಿದ್ದವು. ಫೋನ್ ಸಮೀಕ್ಷೆಗಳು ಉಳಿಯುವವರನ್ನು ಹೆಚ್ಚು ಎಣಿಸಿದವು. ನಿಜವಾಗಿ ಮುಗ್ಗರಿಸಿದ್ದು ಬಾಜಿ ಕಟ್ಟುವವರು ಮತ್ತು ಅವರನ್ನು ನಂಬಿದ ಟಿವಿಯವರು. ಇನ್ನು ‘ಎಕ್ಸಿಟ್ ಪೋಲ್ ಸುಳ್ಳಾಯಿತು’ ಎಂದು ಬರೆದವರಿಗೆ: ಆ ರಾತ್ರಿ ಬ್ರಿಟಿಷ್ ವಾಹಿನಿಗಳು ಎಕ್ಸಿಟ್ ಪೋಲ್ ನಡೆಸಿಯೇ ಇರಲಿಲ್ಲ.

ಪ್ರಶ್ನೆ: ಸ್ಲೌ, ಲೂಟನ್‌ನಂಥ ಊರುಗಳು ಹೊರಬರೋಣ ಎಂದವು. ಅಲ್ಲಿ ತುಂಬಿರುವುದು ನಮ್ಮವರೇ. ಅಂದರೆ ಭಾರತೀಯರೆಲ್ಲ ಬ್ರೆಕ್ಸಿಟ್ ಪರವೇ? (ಓದುಗರೊಬ್ಬರು, ಮೈಸೂರು)

ಊರಿನ ಫಲಿತಾಂಶ ನೋಡಿ ಜಾತಿವಾರು ಮತ ಲೆಕ್ಕ ಹಾಕುವ ಚಟವನ್ನು ನಾವು ಇಲ್ಲಿನ ಚುನಾವಣೆಗಳಿಂದ ಅಲ್ಲಿಗೂ ಹೊತ್ತೊಯ್ದಿದ್ದೇವೆ. ಸ್ಲೌ ಶೇ 54 ಹೊರಬರೋಣ ಎಂದಿತು, ಸರಿ. ಆ ಶೇ 54ರಲ್ಲಿ ಯಾರಿದ್ದರು ಎಂದು ಪೆಟ್ಟಿಗೆ ಹೇಳುವುದಿಲ್ಲ. ನಮ್ಮವರು ಅಷ್ಟೇ ತುಂಬಿರುವ ಲೆಸ್ಟರ್ ಶೇ 51 ಉಳಿಯೋಣ ಎಂದಿತು. ವ್ಯಕ್ತಿಗಳನ್ನೇ ಕೇಳಿದ ಆ್ಯಶ್‌ಕ್ರಾಫ್ಟ್ ಸಮೀಕ್ಷೆಯಲ್ಲಿ ಏಷ್ಯಾ ಮೂಲದವರ ಪೈಕಿ ಮೂರರಲ್ಲಿ ಇಬ್ಬರು ಉಳಿಯುವ ಪರ ಇದ್ದರು.

ಪ್ರಶ್ನೆ: ಈಗ ಬ್ರಿಟಿಷರು ಪಶ್ಚಾತ್ತಾಪ ಪಡುತ್ತಿದ್ದಾರೆ, ಇನ್ನೆರಡು ವರ್ಷದಲ್ಲಿ ಮರಳಿ ಸೇರುತ್ತಾರೆ ಎಂದು ಯೂಟ್ಯೂಬ್‌ನಲ್ಲಿ ಒಬ್ಬರು ಅಂಕಿಅಂಶ ಸಮೇತ ಹೇಳುತ್ತಾರೆ. ನಿಜವೇ? (ಓದುಗರೊಬ್ಬರು, ಹುಬ್ಬಳ್ಳಿ)

ಅಂಕಿ ನಿಜ, ಭವಿಷ್ಯ ಬೊಗಳೆ. ಯೂಗವ್ ಸಂಸ್ಥೆ 2025ರ ಜನವರಿಯಲ್ಲಿ ಕೇಳಿದಾಗ ಬ್ರೆಕ್ಸಿಟ್ ನಿರ್ಧಾರ ಸರಿ ಎಂದವರು ಶೇ 30, ತಪ್ಪು ಎಂದವರು ಶೇ 55. ಇದರಲ್ಲಿ ಮನಸ್ಸು ಬದಲಿಸಿದವರಿದ್ದಾರೆ. ಜೊತೆಗೆ 2016ರಲ್ಲಿ ಮತದ ವಯಸ್ಸಾಗದಿದ್ದ ಹುಡುಗರೂ ಇದ್ದಾರೆ. ಮರಳಿ ಸೇರೋಣವೇ ಎಂದರೂ ಅರ್ಧಕ್ಕಿಂತ ಹೆಚ್ಚು ಮಂದಿ ಹೌದು ಎನ್ನುತ್ತಾರೆ. ಅದೇ ಪ್ರಶ್ನೆಗೆ ‘ಪೌಂಡು ಬಿಟ್ಟು ಯೂರೊ ಒಪ್ಪಬೇಕಾದರೆ?’ ಎಂದು ಬಾಲ ಸೇರಿಸಿ ನೋಡಿ, ಬೆಂಬಲ ದಡಕ್ಕನೆ ಇಳಿಯುತ್ತದೆ. ಒಲೆ ಬೇರೆ ಬೇಕೆಂಬ ಆ ಗುಂಪು ಎಲ್ಲಿಗೂ ಹೋಗಿಲ್ಲ. ನಿಮ್ಮ ಯೂಟ್ಯೂಬ್ ಪಂಡಿತರು ತಮ್ಮ ಚಾನೆಲ್‌ನಲ್ಲೇ ಗುಂಡಿ ಒತ್ತಿಸಿ ‘ಶೇ 90 ಮರಳಿ ಸೇರುವ ಪರ’ ಎಂದೂ ಹೇಳಿದ್ದಾರಂತೆ. ತನ್ನ ಅಭಿಮಾನಿಗಳನ್ನೇ ಎಣಿಸುವುದಕ್ಕೆ ಸಮೀಕ್ಷೆ ಎನ್ನುವವರ ಮಾತಿಗೆ ದುಡ್ಡು ಕಟ್ಟಬೇಡಿ. ಪೌಂಡು ಏರುತ್ತದೆಂದು ಈಗ ಕೊಂಡಿಡಲೇ ಎಂದೂ ಕೇಳಿದ್ದೀರಿ. ಅದು ನನ್ನ ಕ್ಷೇತ್ರವಲ್ಲ.

ಪ್ರಶ್ನೆ: ಲೆಸ್ಟರ್‌ನಲ್ಲಿ ಎಂಎಸ್ಸಿ ಓದುತ್ತಿದ್ದೇನೆ, ಊರು ಮಂಗಳೂರು. ಇನ್ನೊಮ್ಮೆ ಜನಮತಗಣನೆ ಆದರೆ ನಾನು ಮತ ಹಾಕಬಹುದೇ? ನಗೆಪಾಟಲಿನ ಪ್ರಶ್ನೆಯಾದರೆ ಕ್ಷಮಿಸಿ.

ಇಡೀ ಕಂತೆಯಲ್ಲಿ ಕೆಲಸಕ್ಕೆ ಬರುವ ಪ್ರಶ್ನೆ ಇದೊಂದೇ, ತಂಗಿ. ಭಾರತ ಕಾಮನ್‌ವೆಲ್ತ್ ದೇಶ. ಅಲ್ಲಿ ವಾಸವಿದ್ದು, ಇರಲು ವೀಸಾ ಇರುವ ಕಾಮನ್‌ವೆಲ್ತ್ ಪ್ರಜೆಗಳಿಗೆ ಬ್ರಿಟನ್ನಿನ ಸಂಸತ್ ಚುನಾವಣೆಯಲ್ಲಿ ಮತವಿದೆ. 2016ರಲ್ಲೂ ಇತ್ತು: ಹೋದ ವರ್ಷ ಬಂದ ಬೆಂಗಳೂರಿನ ಎಂಜಿನಿಯರ್ ಮತ ಹಾಕಬಹುದಿತ್ತು, ಇಪ್ಪತ್ತು ವರ್ಷದಿಂದ ಅಲ್ಲೇ ತೆರಿಗೆ ಕಟ್ಟುತ್ತಿದ್ದ ಫ್ರೆಂಚ್ ಪ್ರಜೆ ಹಾಕುವಂತಿರಲಿಲ್ಲ. ಮುಂದಿನದಕ್ಕೆ ಯಾರಿಗೆ ಮತ ಎಂಬುದನ್ನು ಆಗಿನ ಕಾನೂನೇ ಹೇಳಬೇಕು. ಅಲ್ಲಿಯವರೆಗೆ ಕಾಯದೆ ಈಗಲೇ ಮತದಾರರ ಪಟ್ಟಿಗೆ ಹೆಸರು ಸೇರಿಸಿಕೋ, ಸಾಮಾನ್ಯ ಚುನಾವಣೆಗಾದರೂ ಬೇಕು. ಆನ್‌ಲೈನ್‌ನಲ್ಲೇ ಆಗುತ್ತದೆ, ನ್ಯಾಷನಲ್ ಇನ್ಶೂರೆನ್ಸ್ ಸಂಖ್ಯೆ ಕೇಳುತ್ತಾರೆ, ಇಲ್ಲದಿದ್ದರೆ ಬೇರೆ ದಾಖಲೆ ಕೊಡಬೇಕಾದೀತು. ಮನೆ ಬದಲಿಸಿದರೆ ಮತ್ತೆ ನೋಂದಾಯಿಸಬೇಕು. ಮತಗಟ್ಟೆಗೆ ಫೋಟೊ ಗುರುತಿನ ಚೀಟಿ ಕಡ್ಡಾಯ. ಭಾರತದ ಪಾಸ್‌ಪೋರ್ಟ್ ನಡೆಯುತ್ತದೆ, ಕಾಲೇಜಿನ ಐಡಿ ನಡೆಯುವುದಿಲ್ಲ.