ಮಾವನ ತೆರಿಗೆ ಚೀಟಿ, ಸೋದರಳಿಯನ ಬಾಡಿಗೆ

ಪ್ರಶ್ನೆ: ನನ್ನ ಮಗ ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿದ್ದಾನೆ, ಅಲ್ಲಿನ ಪೌರತ್ವವೂ ಸಿಕ್ಕಿದೆ. ನನ್ನ ಅಣ್ಣ 1974ರಿಂದಲೂ ಅದೇ ಊರಿನವರು. ಯುಗಾದಿಗೆ ಕೂಡಿದಾಗ ಇಬ್ಬರಿಗೂ ಜಗಳವಾಯಿತು. ‘ನಿಮ್ಮ ತಲೆಮಾರು ಓಟು ಹಾಕಿಯೇ ನಮಗೆ ಮನೆ ದಕ್ಕದಂತೆ ಮಾಡಿತು’ ಎನ್ನುತ್ತಾನೆ ಮಗ. ‘ನಿಮ್ಮವರಿಗೆ ದುಡಿಮೆ ಬೇಡ, ಮತಗಟ್ಟೆಯೂ ಬೇಡ’ ಎನ್ನುತ್ತಾರೆ ಅಣ್ಣ. ಯಾರ ಮಾತು ನಿಜ?
— ಒಬ್ಬ ತಾಯಿ, ಧಾರವಾಡ

ಉತ್ತರ: ಆ ಊರಿನಲ್ಲಿ ನಾನು ಹನ್ನೆರಡು ವರ್ಷ ಇದ್ದೆ. 2008ರಲ್ಲಿ ನಾವು ಮನೆ ಕೊಂಡಾಗ ವರ್ಷದ ಆಸ್ತಿ ತೆರಿಗೆ ಎಂಟು ಸಾವಿರ ಡಾಲರ್ ದಾಟಿತ್ತು. ಪಕ್ಕದ ಮನೆಯದೂ ಅದೇ ಅಳತೆ, ಅದೇ ನಕ್ಷೆ. ಅಲ್ಲಿನ ಅಜ್ಜಿ ಕಟ್ಟುತ್ತಿದ್ದುದು ಸಾವಿರದ ಆಸುಪಾಸು. ನಿಮ್ಮ ಮಗನಷ್ಟೇ ಸಿಟ್ಟು ನನಗೂ ಬಂದಿತ್ತು.

ಕಾರಣ, 1978ರ ಜೂನ್‌ನಲ್ಲಿ ಆ ರಾಜ್ಯದ ಮತದಾರರು ಒಪ್ಪಿದ 13ನೆಯ ಪ್ರಸ್ತಾವ. ತೆರಿಗೆ ಮನೆಯ ಮೌಲ್ಯದ ಶೇ 1. ಮನೆ ಮಾರಾಟವಾಗುವವರೆಗೆ ಆ ಮೌಲ್ಯವನ್ನು ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚಿಸುವಂತಿಲ್ಲ, ಮಾರಿದಾಗ ಅದು ಹೊಸಬರು ಕೊಂಡ ಬೆಲೆಗೆ ಏರುತ್ತದೆ. ಅಜ್ಜಿ ಅದಕ್ಕೆ ಮತ ಹಾಕಿದವರೇ. ಮನೆಬೆಲೆಯ ಜೊತೆಗೆ ತೆರಿಗೆಯೂ ಏರಿ, ಪಿಂಚಣಿಯಲ್ಲಿ ಬದುಕುತ್ತಿದ್ದ ಅವರ ಅತ್ತೆ ಮನೆ ಮಾರಬೇಕಾಯಿತಂತೆ. ಮೂವತ್ತು ವರ್ಷ ಕಳೆದಿದ್ದರೂ ಅದನ್ನು ಹೇಳುವಾಗ ಅವರ ಧ್ವನಿ ನಡುಗಿತು. ಅಂಥವರನ್ನು ಕಳ್ಳರೆಂದು ನಾನು ಕರೆಯಲಾರೆ.

ಇನ್ನೊಂದು ಮಾತು. ಮಗ ದೂರುವ ‘ಬೂಮರ್’ಗಳು 1946ರಿಂದ 1964ರ ನಡುವೆ ಹುಟ್ಟಿದವರು, 1978ರಲ್ಲಿ ಅವರಲ್ಲಿ ಅತಿ ಹಿರಿಯರಿಗೇ 32. ನಿಮ್ಮ ಅಣ್ಣನಿಗಂತೂ ಆಗ ಮತವೇ ಇದ್ದಿರಲಾರದು, ಸಾಮಾನ್ಯವಾಗಿ ಗ್ರೀನ್ ಕಾರ್ಡ್ ಸಿಕ್ಕಿ ಐದು ವರ್ಷವಾಗದೆ ಪೌರತ್ವ ಕೊಡುವುದಿಲ್ಲ. ಹಾಕದ ಓಟಿಗೆ ಅವರು ಬೈಗುಳ ತಿನ್ನುತ್ತಿದ್ದಾರೆ. ಆದರೆ ಆ ಓಟಿನ ಲಾಭವನ್ನು ಪ್ರತಿ ವರ್ಷ ಉಣ್ಣುತ್ತಿರುವುದೂ ನಿಜ. ಅದನ್ನು ಅವರು ಒಪ್ಪಿಕೊಳ್ಳಬೇಕು.

1986ರಲ್ಲಿ ತಂದೆತಾಯಿಯ ಮನೆಯ ಹಳೆಯ ತೆರಿಗೆ ಮೌಲ್ಯವೇ ಮಕ್ಕಳಿಗೂ ಇಳಿದು ಬರುವಂತೆ ಮಾಡಿದರು. 2020ರಲ್ಲಿ, ಮಕ್ಕಳು ಅದೇ ಮನೆಯಲ್ಲಿ ವಾಸಿಸಿದರೆ ಮಾತ್ರ ಎಂದು ಬಿಗಿಗೊಳಿಸಿದರು. ಹಾಗಾಗಿ ಒಂದೇ ವಯಸ್ಸಿನ ಇಬ್ಬರಲ್ಲಿ, ಅಪ್ಪನ ಹಳೆಯ ಮನೆ ಅಲ್ಲಿದ್ದವನು ಬೇರೆ, ಧಾರವಾಡದಿಂದ ಬಂದವನು ಬೇರೆ. ಗೆರೆ ಬಿದ್ದಿರುವುದು ವಯಸ್ಸಿನ ನಡುವೆ ಅಲ್ಲ ಎನ್ನುವುದು ಇದಕ್ಕೇ. ಬೆಲೆ ಇಷ್ಟು ಏರಲು ತೆರಿಗೆಯೊಂದೇ ಕಾರಣವೂ ಅಲ್ಲ. ಕೆಲಸಗಳು ಬಂದಷ್ಟು ಮನೆಗಳನ್ನು ಅಲ್ಲಿ ಕಟ್ಟಲಿಲ್ಲ.

‘ದುಡಿಮೆ ಬೇಡ’ ಎಂಬ ಮಾತು ಅನ್ಯಾಯದ್ದು. ಎರಡು ಸಂಬಳದಲ್ಲಿ ಒಂದನ್ನು ಬಾಡಿಗೆಗೇ ಸುರಿಯುವ ದಂಪತಿಗಳನ್ನು ನಾನು ಕಣ್ಣಾರೆ ಕಂಡಿದ್ದೇನೆ. ಮತಗಟ್ಟೆಯ ಮಾತಿನಲ್ಲಿ ಮಾತ್ರ ಹುರುಳಿದೆ: 2020ರ ಅಧ್ಯಕ್ಷೀಯ ಚುನಾವಣೆಯಲ್ಲೂ 65ರಿಂದ 74 ವಯಸ್ಸಿನವರಲ್ಲಿ ಶೇ 76 ಮಂದಿ ಮತ ಹಾಕಿದರೆ, 18ರಿಂದ 24ರವರಲ್ಲಿ ಶೇ 51. ಹೊಸ ಮನೆಗಳಿಗೆ ಅನುಮತಿ ಕೊಡುವ ನಗರಸಭೆಯ ಸಂಜೆ ಸಭೆಗಳಲ್ಲಿ ನನಗೆ ಕಂಡದ್ದು ನರೆತ ತಲೆಗಳೇ.

ಆಸ್ತಿ ತೆರಿಗೆಯ ಚೀಟಿ ಶರತ್ಕಾಲದಲ್ಲಿ ಬರುತ್ತದೆ, ಮೊದಲ ಕಂತಿಗೆ ಡಿಸೆಂಬರ್ 10 ಕೊನೆಯ ದಿನ. ಈ ಸಲ ಅದನ್ನು ಮಾವನೂ ಸೋದರಳಿಯನೂ ಒಟ್ಟಿಗೆ ಕುಳಿತು ಓದಲಿ.