ಬೆರಳು ಚಾಚಿ ತೋರಿಸದ ಮಗು: ಒಂದು ಆಪ್ತಸಲಹೆ ಪ್ರಕರಣ

(ಕುಟುಂಬದ ಗುರುತು ಸಿಗದಂತೆ ಊರು, ಉದ್ಯೋಗ ಮೊದಲಾದ ವಿವರಗಳನ್ನು ಬದಲಿಸಲಾಗಿದೆ.)

22 ತಿಂಗಳ ಗಂಡುಮಗುವನ್ನು ಕರೆದುಕೊಂಡು ತಂದೆ, ತಾಯಿ, ಅಜ್ಜಿ ಮೂವರೂ ಬಂದಿದ್ದರು. ಹಾಸನ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ತಂದೆಗೆ ಸ್ವಂತ ಅಂಗಡಿಯಿದೆ, ತಾಯಿ ಶಿಕ್ಷಕಿ. ಮಗುವಿಗೆ ಇನ್ನೂ ಮಾತು ಬಂದಿಲ್ಲ, ಮೊದಲು ಅನ್ನುತ್ತಿದ್ದ ‘ಅಮ್ಮ’, ‘ತಾತ’ ಎಂಬ ಪದಗಳೂ ಕೆಲವು ತಿಂಗಳಿಂದ ನಿಂತುಹೋಗಿವೆ ಎಂಬುದು ತಾಯಿಯ ಆತಂಕ. “ಇವರಪ್ಪನೂ ಮೂರು ವರ್ಷ ತುಂಬಿದ ಮೇಲೆಯೇ ಮಾತಾಡಿದ್ದು, ಗಂಡುಮಕ್ಕಳಿಗೆ ಮಾತು ತಡ” ಎಂಬುದು ಅಜ್ಜಿಯ ಸಮಾಧಾನ. ಊಟ ಮಾಡಿಸುವಾಗ ಮೊಬೈಲ್ ಕೊಟ್ಟದ್ದರಿಂದಲೇ ಹೀಗಾಯಿತು ಎಂದು ತಂದೆ ತೀರ್ಮಾನಿಸಿಬಿಟ್ಟಿದ್ದರು.

ಮಾತು ತಡವಾಗುವುದಕ್ಕೆ ಕಾರಣಗಳು ಹಲವಿರುವುದರಿಂದ, ನಾನು ಮಾತಿನ ವಿಷಯವನ್ನು ಸ್ವಲ್ಪ ಬದಿಗಿಟ್ಟು, ಮಗು ತನಗೆ ಬೇಕಾದುದನ್ನು ಹೇಗೆ ಕೇಳುತ್ತದೆ ಎಂದು ವಿಚಾರಿಸಿದೆ. ಬಿಸ್ಕತ್ತಿನ ಡಬ್ಬಿ ಬೇಕಾದರೆ ಅದು ತಾಯಿಯ ಮುಖ ನೋಡದೆ ಅವರ ಮಣಿಕಟ್ಟನ್ನು ಹಿಡಿದೆಳೆದು, ಕೈಯನ್ನು ಡಬ್ಬಿಯ ಮುಚ್ಚಳದ ಮೇಲೆ ಇಟ್ಟುಬಿಡುತ್ತದೆ. ಬೆರಳು ಚಾಚಿ ‘ಅದು’ ಎಂದು ತೋರಿಸಿದ್ದನ್ನು ಮನೆಯವರು ಯಾರೂ ಕಂಡಿಲ್ಲ. ಹೆಸರು ಹಿಡಿದು ಕರೆದರೆ ತಿರುಗುವುದು ಅಪರೂಪ, ಆದರೆ ಪಕ್ಕದ ಕೋಣೆಯಲ್ಲಿ ಜಾಹೀರಾತಿನ ಸಂಗೀತ ಕೇಳಿದರೆ ಓಡಿಬರುತ್ತದೆ. ಆಟಿಕೆ ಟ್ರ್ಯಾಕ್ಟರನ್ನು ಓಡಿಸುವುದಿಲ್ಲ. ಮಗುಚಿಹಾಕಿ, ಕೆನ್ನೆಯನ್ನು ನೆಲಕ್ಕೆ ತಾಗಿಸಿ, ಚಕ್ರ ತಿರುಗುವುದನ್ನು ನೋಡುತ್ತಾ ಇರುತ್ತದೆ.

ಅಷ್ಟು ಹೊತ್ತು ಸುಮ್ಮನಿದ್ದ ಅಜ್ಜಿ ಆಗ, “ಚಂದಮಾಮನ್ನ ತೋರಿಸಿ ತುತ್ತು ಕೊಡೋಣ ಅಂದ್ರೆ ಇವನು ಮೇಲೆ ನೋಡೋದೇ ಇಲ್ಲ ಮೇಡಂ, ನನ್ನ ಬೆರಳನ್ನೇ ನೋಡ್ತಾನೆ” ಎಂದರು. ನನ್ನ ಪ್ರಶ್ನೆಗಳಿಗೆ ಸಿಗದ ಸ್ಪಷ್ಟತೆ ಆ ಒಂದು ಮಾತಿನಲ್ಲಿತ್ತು. ಇನ್ನೊಬ್ಬರು ತೋರಿಸಿದ ಕಡೆ ನೋಡುವುದು, ತಾನು ಕಂಡದ್ದನ್ನು ಅವರಿಗೂ ತೋರಿಸಿ ಮತ್ತೆ ಅವರ ಮುಖ ನೋಡುವುದು, ಇವು ಸಾಮಾನ್ಯವಾಗಿ ಒಂದೂವರೆ ವರ್ಷದೊಳಗೆ ಕಾಣಿಸಿಕೊಳ್ಳುತ್ತವೆ. ಇವು ಕಾಣದಿರುವುದು, ಹೆಸರಿಗೆ ಓಗೊಡದಿರುವುದು, ಬಂದ ಮಾತು ಹಿಂದೆ ಸರಿಯುವುದು ಮೂರೂ ಒಟ್ಟಿಗೆ ಇದ್ದಾಗ ಕಾದು ನೋಡುವುದು ಸರಿಯಲ್ಲ. ಚಕ್ರ ತಿರುಗಿಸುವ ಅಭ್ಯಾಸವೊಂದೇ ಇದ್ದಿದ್ದರೆ ನಾನು ಅಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ. ಎಷ್ಟೋ ಮಕ್ಕಳು ಹಾಗೆ ಆಡುತ್ತವೆ.

ಈ ಲಕ್ಷಣಗಳು ಆಟಿಸಂ, ಅಂದರೆ ಇತರರೊಂದಿಗಿನ ಒಡನಾಟ, ಸಂವಹನ ಮತ್ತು ವರ್ತನೆ ಭಿನ್ನವಾಗಿರುವ ಬೆಳವಣಿಗೆಯ ಸ್ಥಿತಿಯತ್ತ ಬೆರಳು ಮಾಡುತ್ತವೆ; ಆದರೆ ಅದು ಇದೆಯೋ ಇಲ್ಲವೋ ಎಂದು ನಿರ್ಧರಿಸುವುದು ಆಪ್ತಸಲಹೆಗಾರರ ಕೆಲಸವಲ್ಲ ಎಂಬುದನ್ನು ಮೊದಲೇ ತಿಳಿಸಿದೆ. 16ರಿಂದ 30 ತಿಂಗಳ ಮಕ್ಕಳಲ್ಲಿ ಆಟಿಸಂ ಸಾಧ್ಯತೆಯನ್ನು ಗುರುತಿಸಲೆಂದು ಇರುವ ಎಂ-ಚಾಟ್ ಪ್ರಶ್ನಾವಳಿಯ 20 ಪ್ರಶ್ನೆಗಳನ್ನು ತಾಯಿ ಮೊಬೈಲಿನಲ್ಲಿ ತುಂಬಿ, ಬಂದ ಅಂಕ ನೋಡಿ ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದರು. ಹೆಚ್ಚಿನ ಪರೀಕ್ಷೆ ಬೇಕೇ ಎಂಬುದನ್ನಷ್ಟೇ ಅದು ಸೂಚಿಸುತ್ತದೆ, ಅದರ ಅಂಕವೇ ರೋಗನಿರ್ಣಯವಲ್ಲ ಎಂದು ವಿವರಿಸಿದೆ. ಜಾಹೀರಾತಿಗೆ ಓಡಿಬರುತ್ತಾನೆಂಬ ಕಾರಣಕ್ಕೆ ಕಿವಿ ಸರಿಯಿದೆ ಎಂದುಕೊಳ್ಳಬಾರದು. ಕೆಲವು ಸ್ವರಮಟ್ಟದ ಶಬ್ದಗಳು ಮಾತ್ರ ಕೇಳಿಸದಿರುವುದೂ ಉಂಟು. ಆದ್ದರಿಂದ ಮೊದಲು ಶ್ರವಣ ಪರೀಕ್ಷೆ, ಅದರೊಂದಿಗೇ ಬೆಳವಣಿಗೆಯ ಪೂರ್ಣ ಮೌಲ್ಯಮಾಪನ ಆಗಬೇಕೆಂದೆ. ಎರಡಕ್ಕೂ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯನ್ನೂ, ಮಕ್ಕಳ ಮನೋವೈದ್ಯರ ಅಭಿಪ್ರಾಯ ಬೇಕಾದಲ್ಲಿ ಬೆಂಗಳೂರಿನ ನಿಮ್ಹಾನ್ಸನ್ನೂ ಸೂಚಿಸಿ, ಪತ್ರ ಬರೆದುಕೊಟ್ಟೆ.

ತಪ್ಪು ಯಾರದು ಎಂಬ ಪ್ರಶ್ನೆಗೆ ಹೆಚ್ಚು ಹೊತ್ತು ಹಿಡಿಯಿತು. ಮೊಬೈಲ್ ನೋಡುವುದರಿಂದ ಆಟಿಸಂ ಬರುತ್ತದೆಂದು ಹೇಳಲಾಗದು, ಆದರೆ ಮಗು ಮನುಷ್ಯರ ಮುಖ ನೋಡಬೇಕಾದ ಹೊತ್ತನ್ನು ಅದು ಕಬಳಿಸುತ್ತದೆ, ಅದಕ್ಕಾಗಿ ನಿಲ್ಲಿಸಿ ಎಂದೆ. ತಾಯಿ ಕೆಲಸಕ್ಕೆ ಹೋಗುವುದೂ ಮನೆಯಲ್ಲಿ ಎರಡು ಭಾಷೆ ಆಡುವುದೂ ಇದಕ್ಕೆ ಕಾರಣವಲ್ಲ. ವಾಟ್ಸ್ಆ್ಯಪ್‌ನಲ್ಲಿ ಬಂದ ಸಂದೇಶವೊಂದನ್ನು ನಂಬಿ, ಇವರು ದಡಾರ-ರುಬೆಲ್ಲಾದ ಎರಡನೆಯ ಚುಚ್ಚುಮದ್ದನ್ನು ಮುಂದೂಡಿದ್ದರು. ಲಸಿಕೆಗೂ ಆಟಿಸಂಗೂ ನಂಟು ಕಲ್ಪಿಸಿದ 1998ರ ಪ್ರಬಂಧವನ್ನು ಪ್ರಕಟಿಸಿದ ಪತ್ರಿಕೆಯೇ 2010ರಲ್ಲಿ ಹಿಂತೆಗೆದುಕೊಂಡಿದೆ. ಆಮೇಲಿನ ದೊಡ್ಡ ಅಧ್ಯಯನಗಳಲ್ಲಿಯೂ ಅಂಥ ನಂಟು ಕಂಡುಬಂದಿಲ್ಲ. ಅದೇ ವಾರ ಲಸಿಕೆ ಹಾಕಿಸಲು ಒಪ್ಪಿಕೊಂಡರು.

ಮೌಲ್ಯಮಾಪನದ ಸರದಿ ಬರುವವರೆಗೆ ಕೈಕಟ್ಟಿ ಕೂರಬೇಕಿಲ್ಲ. ಮಗುವಿನ ಕಣ್ಣಿನ ಮಟ್ಟಕ್ಕೆ ಕೂರಬೇಕು; ಡಬ್ಬಿಯನ್ನು ತಕ್ಷಣ ತೆರೆಯದೆ, ಮುಖದ ಹತ್ತಿರ ಹಿಡಿದು, ಒಂದು ನೋಟವೋ ಸದ್ದೋ ಬರಲೆಂದು ತುಸು ಕಾದು, ಬಂದ ಕೂಡಲೇ ‘ಬಿಸ್ಕತ್ತು’ ಎಂದು ಹೇಳಿ ಕೊಡಬೇಕು; ಅಳುವವರೆಗೆ ಕಾಯಿಸಬಾರದು. ‘ಹೇಳು, ಹೇಳು’ ಎಂದು ಒತ್ತಾಯಿಸುವುದಕ್ಕಿಂತ, ಮಗು ಚಕ್ರ ತಿರುಗಿಸುವಾಗ ಪಕ್ಕದಲ್ಲಿ ಕುಳಿತು ತಾವೂ ತಿರುಗಿಸಿ, ನಿಲ್ಲಿಸಿ, ಮತ್ತೆ ತಿರುಗಿಸುವುದು ಮೇಲು. ಸ್ನಾನ ಮಾಡಿಸುವವರು ಅಜ್ಜಿಯೇ ಆದ್ದರಿಂದ, ದಿನವೂ ಒಂದೇ ಹಾಡು ಹೇಳಿ, ಕೊನೆಯ ಚೊಂಬು ಸುರಿಯುವ ಮುನ್ನ ಹಾಡನ್ನು ನಿಲ್ಲಿಸಿ ಮಗು ತಮ್ಮ ಮುಖ ನೋಡುತ್ತದೆಯೇ ಗಮನಿಸಿ ಎಂದು ಅವರಿಗೆ ಹೇಳಿಕೊಟ್ಟೆ.

ಶ್ರವಣ ಪರೀಕ್ಷೆಯಲ್ಲಿ ದೋಷ ಕಾಣಲಿಲ್ಲ. ಆಟಿಸಂ ಲಕ್ಷಣಗಳಿವೆ ಎಂದು ತಿಳಿಸಿದ ತಜ್ಞರ ತಂಡ, ವಾಕ್ ಚಿಕಿತ್ಸೆಯನ್ನೂ ದಿನನಿತ್ಯದ ಚಟುವಟಿಕೆಗಳಿಗೆ ಮಗುವನ್ನು ಅಣಿಗೊಳಿಸುವ ಆಕ್ಯುಪೇಷನಲ್ ಥೆರಪಿಯನ್ನೂ ಆರಂಭಿಸಿ, ಆರು ತಿಂಗಳ ನಂತರ ಮರುಮೌಲ್ಯಮಾಪನಕ್ಕೆ ಬರಹೇಳಿತು. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಸೇರಿದೆ ಎಂದು ತಿಳಿದ ತಂದೆ, ಪ್ರಮಾಣಪತ್ರ ಮಾಡಿಸಿದರೆ ಮಗುವಿಗೆ ಹಣೆಪಟ್ಟಿ ಅಂಟೀತೇ ಎಂದು ಕೇಳಿದರು. ಚಿಕಿತ್ಸೆಗೆ ಪ್ರಮಾಣಪತ್ರ ಬೇಕಿಲ್ಲ, ಆ ಮಾತನ್ನು ಮರುಮೌಲ್ಯಮಾಪನದ ನಂತರ ಆಡೋಣ ಎಂದೆ. ಸದ್ಯಕ್ಕೆ ವಾರಕ್ಕೆರಡು ದಿನ ಥೆರಪಿಗೆ ಯಾರು ಕರೆದೊಯ್ಯಬೇಕು, ಅಂಗಡಿಯನ್ನು ಯಾರು ನೋಡಿಕೊಳ್ಳಬೇಕು ಎಂಬುದನ್ನು ಗೊತ್ತುಮಾಡಿಕೊಂಡು ಅವರು ಊರಿಗೆ ಹೊರಟರು.